ಬರೀ ನಾರಿನ ಪುಡಿ ತುಂಬಿಸಿದರೆ ಗಿಡ ಉಣ್ಣುವುದೆಂಥದ್ದು?

ಅಂಗಡಿಯಿಂದ ಕೋಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ ತರುವುದು, ಬಕೆಟಿನಲ್ಲಿ ನೆನೆಸುವುದು, ಅದನ್ನೇ ಚಟ್ಟಿಗೆ ಒತ್ತಿ ತುಂಬಿಸಿ ಶಂಕರಪುರದಿಂದ ತಂದ ಮಲ್ಲಿಗೆ ಗಿಡ ಊರುವುದು. ಎಲೆ ಹಳದಿಯಾದ ಮೇಲೆ "ದೊಡ್ಡಮ್ಮ, ಇದೆಂಥ ರೋಗ?" ಎಂದು ನನಗೆ ಫೋಟೋ. ರೋಗವಲ್ಲ ಮಾರಾಯ್ತಿ, ಹಸಿವು. ಆ ಪುಡಿ ನೀರು ಹಿಡಿದುಕೊಳ್ಳುತ್ತದೆ, ಬೇರಿಗೆ ಗಾಳಿಯಾಡಲು ಬಿಡುತ್ತದೆ, ಅಷ್ಟೇ. ಸಾರಜನಕ ಅದರಲ್ಲಿ ಇಲ್ಲವೆಂದೇ ಲೆಕ್ಕ; ಹಸಿ ಪುಡಿಯಾದರೆ ಕೊಳೆಯುವಾಗ ಗಿಡದ ಪಾಲಿನದ್ದನ್ನೂ ಎಳೆದುಕೊಳ್ಳುತ್ತದೆ. ಕೆಲವರಂತೂ ಪುಡಿಯನ್ನು ಒತ್ತಿ ಮಾಡಿದ 5 ಕಿಲೋದ ಗಟ್ಟಿಯನ್ನು ಇಡಿಯಾಗಿ ಬಕೆಟಿಗೆ ಹಾಕಿ ನೀರು ಸುರಿಯುತ್ತಾರೆ. ನೆನೆದರೆ ಅದು 60 ಲೀಟರಿನ ಮೇಲಾಗುತ್ತದೆ, ಮತ್ತೆ ಅಂಗಳವೆಲ್ಲ ಗುಡಿಸುತ್ತಾ ಕೂರಬೇಕು.

ಮೊದಲು ತೊಳೆಯಬೇಕು. ಈ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವಳಲ್ಲ. ತೆಂಗಿನ ಸಿಪ್ಪೆಯಲ್ಲೇ ಉಪ್ಪಿನಂಶ ಉಂಟು. ಅಳಿವೆ ಬದಿಯ ಉಪ್ಪುನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯಾದರೆ ಕೇಳುವುದೇ ಬೇಡ. 'ತೊಳೆದದ್ದು' ಎಂದು ಚೀಟಿ ಅಂಟಿಸಿದ್ದರೂ ನಂಬಬೇಡಿ. ಹಳೆ ಬೈರಾಸಿನಲ್ಲಿ (ಮೈ ಒರೆಸುವ ಬಟ್ಟೆ) ಪುಡಿಯನ್ನು ಸಡಿಲವಾಗಿ ಗಂಟು ಕಟ್ಟಿ. ಬಿಗಿಯಾದರೆ ನಡುವಿನದ್ದು ನೆನೆಯುವುದೇ ಇಲ್ಲ. ಬಾವಿನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಡಿ. ಬೆಳಿಗ್ಗೆ ನೀರು ಕಡು ಚಹಾದ ಹಾಗೆ ಆಗಿರುತ್ತದೆ. ಗಂಟನ್ನೆತ್ತಿ ತೂಗುಹಾಕಿ, ತಾನಾಗಿ ಸೋರಲಿ. ಅವಸರಪಟ್ಟು ಹಿಂಡಿದರೆ ಪುಡಿ ಮುದ್ದೆಗಟ್ಟುತ್ತದೆ. ಹೊಸ ನೀರಿನಲ್ಲಿ ಮತ್ತೆ ಮುಳುಗಿಸಿ, ಮೆಲ್ಲಗೆ ಕಿವುಚಿ, ಮತ್ತೆ ತೂಗುಹಾಕಿ. ನೀರು ತಿಳಿಯಾಗುವವರೆಗೆ ಇದೇ ಕೆಲಸ. ತಿಳಿಯಾಯಿತೆಂದು ಕೂಡಲೇ ಗಿಡ ನೆಡಲು ಓಡಬೇಡಿ. ತೂತಿರುವ ಗೆರಟೆಯಲ್ಲಿ ಆ ಪುಡಿ ತುಂಬಿಸಿ ನಾಲ್ಕು ಹೆಸರುಕಾಳು ಹಾಕಿ. ಬೇರು ಬೆಳ್ಳಗೆ ಉದ್ದಕ್ಕೆ ಇಳಿದರೆ ಸರಿ; ತುದಿ ಕಂದಿ ಮೊಂಡಾಗಿದ್ದರೆ ಇನ್ನೊಮ್ಮೆ ತೊಳೆಯಿರಿ. ಬೈರಾಸು ಮಾತ್ರ ಹಳೆಯದೇ ಆಗಬೇಕು, ಆ ಕಂದು ಕಲೆ ಯಾವ ಸೋಪಿಗೂ ಬಗ್ಗುವುದಿಲ್ಲ.

ನನ್ನ ಅತ್ತೆಗೆ ಇಷ್ಟು ರಗಳೆ ಇರಲಿಲ್ಲ. ಸಿಪ್ಪೆಯನ್ನು ಮಾಡಿನ ನೀರು ಬೀಳುವಲ್ಲಿ ರಾಶಿ ಹಾಕುತ್ತಿದ್ದರು, ಆಟಿ ತಿಂಗಳ ಜಡಿಮಳೆಯೇ ಉಪ್ಪು, ಒಗರು ಎಲ್ಲ ತೊಳೆದು ಹಾಕುತ್ತಿತ್ತು. ಮಳೆ ಬಿಟ್ಟ ಮೇಲೆ ಬಡಿದು ಪುಡಿ ಉದುರಿಸಿ, ಉದ್ದ ನಾರನ್ನು ಪಾತ್ರೆ ತಿಕ್ಕಲು ಎತ್ತಿಡುತ್ತಿದ್ದರು. ಈಗ ಕಬ್ಬಿಣದ ಕಾವಲಿಗೂ ಸೋಪು, ಸ್ಟೀಲ್ ಸ್ಕ್ರಬ್ಬರ್! ಮತ್ತೆ ದೋಸೆ ಏಳುವುದಿಲ್ಲ ಎಂದು ಹಿಟ್ಟಿಗೆ ಬೈಯುವುದು. ಒಂದು ಹಿಡಿ ನಾರಿನಲ್ಲಿ ಉಜ್ಜಿ ಎಣ್ಣೆ ಸವರಿಡಿ, ಸಾಕು.

ತೊಳೆದ ಪುಡಿ ಒಂದು ಪಾಲಾದರೆ ಸುಡುಮಣ್ಣು, ಹಳೆ ಹಟ್ಟಿಗೊಬ್ಬರ ಸೇರಿ ಎರಡು ಪಾಲು, ಅಂದಾಜಿಗೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹೆಬ್ಬೆರಳು ತಾಗಿಸಿದರೆ ಉದುರಬೇಕು. ಆಂಥೂರಿಯಮ್‌ಗೆ ಪುಡಿ ಬೇಡ, ಸಿಪ್ಪೆಯ ತುಂಡುಗಳನ್ನೇ ಹಾಕಿ. ಅವನ್ನೂ ನೆನೆಸಿಯೇ ಹಾಕಬೇಕು. ಇನ್ನು ನೀರು: ಪುಡಿ ಮೇಲೆ ಒಣಗಿ ಕಂಡರೂ ಅಡಿಯಲ್ಲಿ ಒದ್ದೆಯಿರುತ್ತದೆ, ಬೆರಳು ಒಳಗೆ ಹಾಕಿ ನೋಡದೆ ಪೈಪು ಹಿಡಿಯಬೇಡಿ. ಉಡುಪಿಯ ಮಳೆಗಾಲದಲ್ಲಂತೂ ಚಟ್ಟಿಗಳನ್ನು ಮಾಡಿನಡಿಗೆ ಸರಿಸಿ, ಅಡಿಯ ತೂತು ಕಟ್ಟಿದೆಯಾ ಎಂದು ಕಡ್ಡಿ ಹಾಕಿ ನೋಡಿ.