ಕಂಕುಳಿಗೆ ಕೈ ಹಾಕುವ ಸಿಸ್ಟರ್

ಕಲಬುರಗಿಯಲ್ಲಿ ತುರ್ತು ಚಿಕಿತ್ಸಾ ವಿಭಾಗದ ರಾತ್ರಿ ಪಾಳಿ ನನ್ನದು. ಅಮಲಿನಲ್ಲಿ ಬರುವ ಹುಡುಗರ ಕಂಕುಳಿಗೆ ಮೊದಲು ಕೈ ಹಾಕಿ ನೋಡುತ್ತೇನೆ. ಹೊಸದಾಗಿ ಸೇರಿದವರು ಮುಸಿಮುಸಿ ನಗುತ್ತಾರೆ. ನಗಲಿ.

ಈ ಅಭ್ಯಾಸ ಬಂದದ್ದು ಒಂದು ತಪ್ಪಿನಿಂದ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಶಿವರಾತ್ರಿಯ ಮರುದಿನ, ದತ್ತೂರಿ ಬೀಜ ತಿಂದಿದ್ದ ಹುಡುಗನೊಬ್ಬನನ್ನು ಕರೆತಂದರು. ಬೀಜದ ವಿಷಯ ಯಾರೂ ಬಾಯಿ ಬಿಡಲಿಲ್ಲ. ಗಾಳಿ ಸೋಕಿದೆ ಎಂದರು. ಅವನು ಕೈಯಲ್ಲಿ ಇಲ್ಲದ ಬೀಡಿ ಸೇದುತ್ತಿದ್ದ, ಹೊದಿಕೆಯಿಂದ ಇಲ್ಲದ ದಾರ ಕೀಳುತ್ತಿದ್ದ. ಟ್ಯೂಬ್‌ಲೈಟಿನ ಕೆಳಗೆ ಮಲಗಿಸಿ ಬ್ಯಾಂಡೇಜ್ ಬಟ್ಟೆಯಿಂದ ಕೈಕಾಲು ಕಟ್ಟಿದೆವು. ಕಟ್ಟಿದಷ್ಟೂ ಕೊಸರಾಡಿದ, ಜ್ವರ 104 ಡಿಗ್ರಿ ಮುಟ್ಟಿತು. ಮೈ ಕಾದ ಹಂಚು, ಒಂದು ಹನಿ ಬೆವರಿಲ್ಲ. ಹಿರಿಯ ವೈದ್ಯರು ಬಂದು ಕಿಬ್ಬೊಟ್ಟೆ ಮುಟ್ಟಿದರು. ಮೂತ್ರ ಕಟ್ಟಿ ಗಡಿಗೆಯಂತೆ ಉಬ್ಬಿತ್ತು. ದತ್ತೂರಿಯಲ್ಲಿರುವ ಅಟ್ರೊಪಿನ್, ಸ್ಕೊಪೊಲಮಿನ್ ಬೆವರು, ಜೊಲ್ಲು, ಮೂತ್ರ ಮೂರನ್ನೂ ತಡೆಯುತ್ತವೆ. ಮೂತ್ರ ಹೊರತೆಗೆಯುವ ನಳಿಕೆ, ಕ್ಯಾಥಿಟರ್, ಹಾಕಿದ ಮೇಲೆ ಅರ್ಧ ರಂಪ ತಾನಾಗಿ ಇಳಿಯಿತು. ಹುಡುಗ ಉಳಿದ. ಅವನನ್ನು ಕಟ್ಟಿಹಾಕಿದ್ದು ಮಾತ್ರ ನನ್ನ ಕೈ.

ಆದ್ದರಿಂದ ಕೆಲವು ವರ್ಷಗಳ ನಂತರ, ಏಪ್ರಿಲ್ ತಿಂಗಳ ಒಂದು ರಾತ್ರಿ, ಕಾಲೇಜು ಹುಡುಗನೊಬ್ಬ ಗೋಡೆ ಉಸಿರಾಡುತ್ತಿದೆ ಎಂದು ಅಳುತ್ತ ಬಂದಾಗ ಕೈ ನೇರವಾಗಿ ಕಂಕುಳಿಗೆ ಹೋಯಿತು. ಒದ್ದೆ. ಬೆವರಿದೆ ಎಂದರೆ ದತ್ತೂರಿಯಲ್ಲ, ಎಲ್‌ಎಸ್‌ಡಿಯಂಥ ಭ್ರಮೆ ಹುಟ್ಟಿಸುವ ಮದ್ದಿರಬೇಕು. ಪಾಪೆ ಮಾತ್ರ ಆ ದತ್ತೂರಿ ಹುಡುಗನದರಷ್ಟೇ ಅಗಲ. ಪಾಪೆಯನ್ನು ನಂಬಿ ಕೂತರೆ ಎರಡೂ ಒಂದೇ ಅನ್ನಿಸುತ್ತದೆ. ಎಲ್‌ಎಸ್‌ಡಿಯನ್ನು ಮೊದಲು ತಯಾರಿಸಿದ ಆಲ್ಬರ್ಟ್ ಹಾಫ್‌ಮನ್ 1943ರಲ್ಲಿ ಕಾಲು ಮಿಲಿಗ್ರಾಂ ನುಂಗಿದಾಗ, ಹಾಲು ತಂದುಕೊಟ್ಟ ನೆರೆಮನೆಯಾಕೆ ಅವನಿಗೆ ಮಾಟಗಾತಿಯಂತೆ ಕಂಡಳಂತೆ. ಪರೀಕ್ಷಿಸಿದ ವೈದ್ಯರಿಗೆ ಅಗಲವಾದ ಪಾಪೆ ಬಿಟ್ಟರೆ ಬೇರೇನೂ ಸಿಗಲಿಲ್ಲ.

ನಮ್ಮ ಹುಡುಗನ ನಾಡಿ 124, ರಕ್ತದೊತ್ತಡ 150/96. ಸಕ್ಕರೆ ಅಂಶ ನೋಡಿದೆ, ಸರಿಯಿತ್ತು. ಜೊತೆಗೆ ಬಂದ ಗೆಳೆಯ ತುಟಿ ಬಿಗಿದು ನಿಂತಿದ್ದ. ಮೂತ್ರ ಪರೀಕ್ಷೆಯ ಸಾಮಾನ್ಯ ಕಿಟ್ ಎಲ್‌ಎಸ್‌ಡಿಯನ್ನು ತೋರಿಸುವುದಿಲ್ಲ, ಹಾಗಾಗಿ ಇವನು ಹೇಳದೆ ನಮಗೆ ದಾರಿಯಿಲ್ಲ. ಮೂಲೆಗೆ ಕರೆದೆ.

'ತಮ್ಮಾ, ನಾನು ಪೊಲೀಸಳಲ್ಲ. ಏನು ತಿಂದ, ಎಷ್ಟು ಹೊತ್ತಿಗೆ?'

'ಕಾಗದದ ಚೂರು, ಅಕ್ಕಾ. ಏಳು ಗಂಟೆಗೆ.'

'ಕಹಿ ಇತ್ತೇ? ನಾಲಿಗೆ ಮರಗಟ್ಟಿತೇ?'

ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಕಾಗದಕ್ಕೆ ಹೀರಿಸಿ ಮಾರುವ ಎಲ್‌ಎಸ್‌ಡಿಗೆ ಹೇಳಿಕೊಳ್ಳುವಂಥ ರುಚಿಯಿಲ್ಲ. ಅದರ ಹೆಸರಿನಲ್ಲಿ ಮಾರುವ ಎನ್‌ಬೋಮ್ ಎಂಬ ಬೇರೊಂದು ರಾಸಾಯನಿಕ ಕಹಿ, ನಾಲಿಗೆಯನ್ನು ಮರಗಟ್ಟಿಸುತ್ತದೆ. ರಕ್ತನಾಳ ಬಿಗಿಸಿ, ಅಪಸ್ಮಾರ ತರಿಸಿ, ಮೂತ್ರಪಿಂಡ ಕೆಡಿಸಿ ಜೀವ ತೆಗೆದದ್ದೂ ಉಂಟು. ಕಹಿ ಇರಲಿಲ್ಲ ಎಂದ. ಅಷ್ಟಕ್ಕೇ ನಿಶ್ಚಿಂತೆಯಾಗುವಂತಿಲ್ಲ. ವೈದ್ಯರು ಇಸಿಜಿ ಮಾಡಿಸಿದರು, ಅರ್ಧ ಗಂಟೆಗೊಮ್ಮೆ ಜ್ವರ ನೋಡಲು ಹೇಳಿದರು. ನಮ್ಮೂರ ಏಪ್ರಿಲ್‌ನಲ್ಲಿ ರಾತ್ರಿಯೂ ಗೋಡೆ ಬಿಸಿಯುಗುಳುತ್ತದೆ. ಮೈ ಕಾದರೆ ಸ್ನಾಯು ಕರಗಿ ಮೂತ್ರ ಚಹಾ ಬಣ್ಣಕ್ಕೆ ತಿರುಗುವ ಅಪಾಯವಿದೆ. ಮನೋರೋಗದ ಲಿಥಿಯಂ ಮಾತ್ರೆ ನುಂಗುವನೇ ಎಂದೂ ವಿಚಾರಿಸಿದೆ. ಅದರ ಜೊತೆ ಎಲ್‌ಎಸ್‌ಡಿ ಸೇರಿದರೆ ಅಪಸ್ಮಾರ ಬರಬಹುದು.

ಈ ಸಲ ಯಾರನ್ನೂ ಕಟ್ಟಲಿಲ್ಲ. ದೀಪ ಆರಿಸಿ, ಪರದೆ ಎಳೆದು, ಒಬ್ಬರ ಹೊರತು ಎಲ್ಲರನ್ನೂ ಹೊರಗೆ ಕಳಿಸಿದೆ. ವೈದ್ಯರು ಶಾಂತಗೊಳಿಸುವ ಔಷಧಿ ಲೊರಾಜೆಪಾಮ್ ಬರೆದರು. ಒದ್ದೆ ಬಟ್ಟೆ ಹಣೆಗಿಟ್ಟು, 'ಇದು ಮದ್ದಿನ ಆಟ, ಬೆಳಗಾಗುವುದರೊಳಗೆ ಇಳಿಯುತ್ತದೆ' ಎಂದು ಹತ್ತು ನಿಮಿಷಕ್ಕೊಮ್ಮೆ ಅದನ್ನೇ ಹೇಳಿದೆ. ಎಂಟರಿಂದ ಹನ್ನೆರಡು ಗಂಟೆ ಇದರ ಅವಧಿ. ಹೊರಗಿನಿಂದ ಬೇಗ ಮುಗಿಸುವ ಪ್ರತಿವಿಷವಿಲ್ಲ. ಮೂರು ಗಂಟೆಗೆ ಗೋಡೆ ಉಸಿರಾಟ ನಿಲ್ಲಿಸಿತಂತೆ.

ಬೆಳಿಗ್ಗೆ ಅವನ ತಾಯಿ ಡಬ್ಬಿಯಲ್ಲಿ ಸುಸಲಾ ತಂದರು. ಹುಡುಗ ಎರಡು ತುತ್ತು ತಿಂದ. ಪಾಪೆ ಇನ್ನೂ ಪೂರ್ತಿ ಕುಗ್ಗಿರಲಿಲ್ಲ. ಪಾಳಿ ಒಪ್ಪಿಸುವಾಗ ಅದನ್ನು ಬರೆದೆ. ಇವತ್ತು ಬೈಕ್ ಮುಟ್ಟಿಸಬೇಡಿ ಎಂದಾಗ ಆಕೆ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.