ಹುಬ್ಬಳ್ಳಿ ಬಿಸಿಲಲ್ಲಿ ಸೆಕೆಂಡ್ ಹ್ಯಾಂಡ್ ಡಿಟಿಜಿ: ನನ್ನ ಅನುಭವ

ಡಿಟಿಎಫ್ (ಫಿಲ್ಮ್ ಮೇಲೆ ಪ್ರಿಂಟ್ ತೆಗೆದು ಬಟ್ಟೆಗೆ ಒತ್ತುವ ವಿಧಾನ) ಬಂದ ಮೇಲೆ ಹಳೆ ಡಿಟಿಜಿ ಮಷಿನ್‌ಗಳು, ಅಂದರೆ ಬಟ್ಟೆ ಮೇಲೆ ನೇರ ಇಂಕ್ ಹೊಡೆಯುವ ಪ್ರಿಂಟರ್‌ಗಳು, ಮೂಲೆ ಸೇರಿದವು. ತಿರುಪ್ಪೂರಿನ ಒಂದು ಯೂನಿಟ್‌ನಲ್ಲಿ ಹಾಗೆ ಕೂತಿದ್ದ ಎಪ್ಸನ್ ಎಫ್2000 ನಾನು ತಂದೆ. 2.75 ಲಕ್ಷದ ಆಸುಪಾಸು, ಸಾಗಣೆ ಬೇರೆ. ಹುಬ್ಬಳ್ಳಿಯಲ್ಲಿ ಇಳಿಸಿದಾಗ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಹಿರಿಯರೊಬ್ಬರು, "ಇದು ಗುಜರಿಗೆ ಹೋಗೋದು ಐತಿ ತಮ್ಮಾ, ಸುಮ್ನ ಡಿಟಿಎಫ್ ಹಾಕು" ಅಂದರು. ಈಗ ಹಾಕಿದ ದುಡ್ಡು ವಾಪಸ್ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೊಳ್ಳುವಾಗ ಸ್ಯಾಂಪಲ್ ಟೀ ಶರ್ಟ್ ನೋಡಿ ಮರುಳಾಗಬೇಡಿ. ನೀವು ಬರುವ ಮುಂಚೆಯೇ ಹೆಡ್ (ಇಂಕ್ ಚಿಮ್ಮಿಸುವ ಭಾಗ) ಕ್ಲೀನಿಂಗ್ ಹೊಡೆದು ಇಟ್ಟಿರುತ್ತಾರೆ. ನಾನು ಒಂದು ನಾಜಲ್ ಚೆಕ್ (ಹೆಡ್‌ನ ಸಣ್ಣ ತೂತುಗಳೆಲ್ಲ ಇಂಕ್ ಬಿಡುತ್ತಿವೆಯೇ ಎಂದು ನೋಡುವ ಪ್ರಿಂಟ್) ತೆಗೆಸಿ, ಊಟ ಮುಗಿಸಿ ಬಂದು ಮತ್ತೊಂದು ತೆಗೆಸಿದೆ. ಎರಡೂ ಹೆಚ್ಚು ಕಡಿಮೆ ಒಂದೇ ಥರ ಇದ್ದವು. ಆಮೇಲೆ ಕಪ್ಪು ಬಟ್ಟೆ ಮೇಲೆ ಪ್ಲೇಟನ್ (ಬಟ್ಟೆ ಹಾಸುವ ಹಲಗೆ) ತುಂಬ ಬರೀ ಬಿಳಿ ಇಂಕ್ ಹೊಡೆಸಿದೆ. ಶುರುವಿನಲ್ಲಿ ಗಟ್ಟಿ ಬಿಳಿ, ಕೆಳಗೆ ಬರುತ್ತಾ ಪಟ್ಟೆ ಪಟ್ಟೆ. ಅಂದರೆ ಹೆಡ್ ಸತ್ತಿಲ್ಲ, ಅದಕ್ಕೆ ಇಂಕ್ ಸಾಲುತ್ತಿಲ್ಲ. ಹೆಡ್ ಹೋಗಿದ್ದರೆ ಅದೇ ನಾಜಲ್‌ಗಳು ಮೊದಲಿಂದಲೂ ಕಾಣೆಯಾಗಿರುತ್ತಿದ್ದವು. ನಾನು ಮಾತ್ರ ಹೊಸ ಹೆಡ್ ಲೆಕ್ಕ ಹೇಳಿ ಚೌಕಾಶಿ ಮಾಡಿದೆ. ಸುಮಾರು 40 ಸಾವಿರ ಇಳಿಯಿತು. ಊರಿಗೆ ತಂದು ಬದಲಿಸಿದ್ದು ಡ್ಯಾಂಪರ್ (ಹೆಡ್‌ಗೆ ಇಂಕ್ ಹೋಗುವ ದಾರಿಯ ಸಣ್ಣ ಫಿಲ್ಟರ್), ಹೆಡ್ ಒರೆಸುವ ವೈಪರ್, ಮಷಿನ್ ನಿಂತಾಗ ಹೆಡ್ ಮುಚ್ಚಿಡುವ ಕ್ಯಾಪಿಂಗ್ ಸ್ಟೇಷನ್ ಅಷ್ಟೇ. ಎಲ್ಲ ಸೇರಿ 20 ಸಾವಿರದ ಒಳಗೆ.

ಮಳೆಗಾಲ ಪೂರ್ತಿ ಮಷಿನ್ ತಕರಾರಿಲ್ಲದೆ ಓಡಿತು. ಫೆಬ್ರವರಿ ಬಂತು ನೋಡಿ, ಶುರುವಾಯಿತು ಕಾಟ. ಬೆಳಿಗ್ಗೆ ಪೂರ್ತಿ ಇದ್ದ ನಾಜಲ್‌ಗಳು ಮಧ್ಯಾಹ್ನಕ್ಕೆ ಅರ್ಧ ಮಾಯ. ಕ್ಲೀನಿಂಗ್ ಹೊಡೆದರೆ ಬರುತ್ತವೆ, ಐದಾರು ಪೀಸ್ ಆದ ಮೇಲೆ ಮತ್ತೆ ಹೋಗುತ್ತವೆ. ಕ್ಲೀನಿಂಗ್ ಅಂದರೆ ದುಡ್ಡನ್ನು ವೇಸ್ಟ್ ಟ್ಯಾಂಕಿಗೆ ಸುರಿಯುವುದು, ಅಲ್ವಾ? ಆ ಒಂದು ತಿಂಗಳಲ್ಲಿ ಬಟ್ಟೆ ಮೇಲೆ ಬಿದ್ದದ್ದಕ್ಕಿಂತ ಟ್ಯಾಂಕಿಗೆ ಹೋದ ಬಿಳಿಯೇ ಜಾಸ್ತಿ. 15 ಸಾವಿರ ಹೋಗಿರಬೇಕು. ಹಾಳಾದ ಟೀ ಶರ್ಟ್‌ಗಳ ಲೆಕ್ಕ ಬೇರೆ. ಟೆಕ್ನಿಷಿಯನ್ ಒಬ್ಬರು ನೋಡಿ ಹೆಡ್ ಬದಲಿಸಿ ಎಂದರು. ಲಕ್ಷದ ಹತ್ತಿರ ಖರ್ಚು ಹೇಳಿದರು.

ನನಗೆ ಅದು ಒಪ್ಪಿಗೆಯಾಗಲಿಲ್ಲ. ಹೆಡ್ ಕೆಟ್ಟಿದ್ದರೆ ಬೆಳಿಗ್ಗೆ ಯಾಕೆ ಸರಿ ಇರುತ್ತದೆ? ಸುಮಾರು 500 ರೂಪಾಯಿಯ ತೇವಾಂಶ ಮೀಟರ್ ತಂದು ಮಷಿನ್ ಪಕ್ಕ ಇಟ್ಟೆ. ಮಧ್ಯಾಹ್ನ 25 ಶೇಕಡಾ ತೋರಿಸಿತು! ಈ ಇಂಕ್‌ಗೆ 45ರ ಮೇಲಾದರೂ ಬೇಕು. ನೀರಿನ ಇಂಕ್, ಒಣ ಗಾಳಿಗೆ ನಾಜಲ್ ಬಾಯಲ್ಲೇ ಒಣಗುತ್ತಿತ್ತು. ಮೊದಲು ಗೋಣಿಚೀಲ ಒದ್ದೆ ಮಾಡಿ ಕಿಟಕಿಗೆ ಕಟ್ಟಿದೆ. 35 ದಾಟಲಿಲ್ಲ, ನೆಲವೆಲ್ಲ ಕೆಸರು. ಆಮೇಲೆ ಹಳೆ ಏರ್ ಕೂಲರ್ ಒಂದನ್ನು ಮಷಿನ್ ಕಡೆ ಮುಖ ಮಾಡದೆ ಗೋಡೆ ಕಡೆ ತಿರುಗಿಸಿ ಇಟ್ಟೆ. ಮೀಟರ್ 50ಕ್ಕೆ ಏರಿತು. ಅದೇ ಹೆಡ್ ಇವತ್ತಿಗೂ ಓಡುತ್ತಿದೆ.

ಉಳಿದದ್ದು ನಿಮಗೆ ಗೊತ್ತಿರುವುದೇ. ಬಿಳಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಭಾರ, ತಳಕ್ಕೆ ಕೂರುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಕಾರ್ಟ್ರಿಡ್ಜ್ ಅಲ್ಲಾಡಿಸುತ್ತೇನೆ. ಭಾನುವಾರವೂ ಹೋಗಿ ಒಂದು ಪ್ರಿಂಟ್ ತೆಗೆಯುತ್ತೇನೆ. ರಾತ್ರಿ ಕ್ಯಾಪಿಂಗ್ ಸ್ಟೇಷನ್‌ಗೆ ನಾನು ಏನು ಹಾಕುತ್ತೇನೆ ಎಂಬುದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಪ್ರೀಟ್ರೀಟ್‌ಮೆಂಟ್ (ಪ್ರಿಂಟ್‌ಗೆ ಮುಂಚೆ ಬಟ್ಟೆಗೆ ಹಾಕುವ, ಇಂಕ್ ಹಿಡಿದಿಡುವ ದ್ರವ) ಸ್ಪ್ರೇ ಹಿಂದಿನ ಕೋಣೆಯಲ್ಲಿ ಮಾಡುತ್ತೇನೆ. ಆ ಮಂಜು ಹೆಡ್‌ಗೆ ತಾಗಿದರೆ ಇಂಕ್ ಅಲ್ಲೇ ಗಟ್ಟಿಯಾಗುತ್ತದೆ.

ನಡುವೆ ಪಾಲಿಯೆಸ್ಟರ್ ಜರ್ಸಿ ಮೇಲೂ ಹೊಡೆದು ನೋಡಿದೆ. ಹೀಟ್ ಪ್ರೆಸ್‌ನಲ್ಲಿ ಬಟ್ಟೆಯ ಕೆಂಪು ಮೇಲೆದ್ದು ಬಿಳಿಯೆಲ್ಲ ಗುಲಾಬಿ ಆಯಿತು. ಈಗ ಅಂಥ ಆರ್ಡರ್ ಡಿಟಿಎಫ್‌ನವರಿಗೇ ಕೊಡುತ್ತೇನೆ. ದಪ್ಪ ಕಾಟನ್ ಚೀಲಗಳು ಮಾತ್ರ ಚೆನ್ನಾಗಿ ಬಂದವು.

ಲಾಭ ಎಲ್ಲಿ ಅಂದರೆ ರಾಜ್ಯೋತ್ಸವದಲ್ಲಿ. ಗಿರಾಕಿಗಳು ಕಪ್ಪು ಬಟ್ಟೆ ಮೇಲೆ ಹಳದಿ ಕೆಂಪು ಕೇಳುತ್ತಾರೆ. ಅದಕ್ಕೆ ಕೆಳಗೆ ಬಿಳಿ ಬೇಕೇ ಬೇಕು. ಎದೆ ತುಂಬ ಡಿಸೈನ್‌ಗೆ ಇಂಕೇ 80-90 ರೂಪಾಯಿ. ನಾನು ಹಳದಿ ಟೀ ಶರ್ಟನ್ನೇ ತೋರಿಸುತ್ತೇನೆ. 180 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ), ಬಯೋವಾಶ್ (ಎಂಜೈಮ್‌ನಲ್ಲಿ ತೊಳೆದು ನಯ ಮಾಡಿದ್ದು). ಹಳದಿ ಬಟ್ಟೆಯದ್ದೇ, ಮೇಲೆ ಕೆಂಪು ಹೊಡೆದರೆ ಮುಗಿಯಿತು. ಬಿಳಿ ಸೊನ್ನೆ, ಇಂಕ್ 15 ರೂಪಾಯಿ ದಾಟುವುದಿಲ್ಲ, ಸಮಯವೂ ಅರ್ಧ. ಮುಟ್ಟಿದರೆ ಪ್ರಿಂಟ್ ಇದೆ ಅಂತಲೇ ಗೊತ್ತಾಗಲ್ಲ. ಒಂದು ಕಾಲೇಜಿನ ಹುಡುಗರು ಡಿಟಿಎಫ್ ಪೀಸ್ ಪಕ್ಕ ಇಟ್ಟು ನೋಡಿ, 30 ರೂಪಾಯಿ ಜಾಸ್ತಿ ಕೊಟ್ಟು ಇದನ್ನೇ ಒಯ್ದರು.

ಒಂದೆರಡು ಪೀಸ್‌ನ ಕಪ್ಪು ಆರ್ಡರ್‌ಗಳೂ ಬರುತ್ತವೆ. ಅವನ್ನು 450ಕ್ಕಿಂತ ಕಡಿಮೆಗೆ ಮುಟ್ಟುವುದಿಲ್ಲ.