ಆ ಅಂಗಿ ಎಲ್ಲಿ?

ನಮ್ಮ ಕಾಸರಗೋಡಿನಲ್ಲಿ ಸಿಡಿಲಿಗೆ ಎರಡು ಕಾಲ. ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲು ಎನ್ನುವ ಪತ್ತನಾಜೆಗೆ ಮುಂಚಿನ ಏಪ್ರಿಲ್, ಮೇ ತಿಂಗಳು ಒಂದು. ಅಕ್ಟೋಬರ್, ನವೆಂಬರಿನ ತುಲಾ ಮಳೆ ಇನ್ನೊಂದು. ಬೆಳಿಗ್ಗೆ ಸುಡುವ ಬಿಸಿಲು, ಮೂರು ಗಂಟೆಯಾಗುವಾಗ ಗುಡ್ಡೆಯ ಆಚೆ ಕಪ್ಪು ಮೋಡ, ಸಂಜೆಗೆ ಗುಡುಗು. ಪೋಸ್ಟ್‌ಮಾರ್ಟಂ ಮಾಡುವ ಡಾಕ್ಟರ್ ನಾನು. ಆ ದಿನಗಳಲ್ಲಿ ಸಂಜೆ ಫೋನ್ ಬಂದರೆ ಈಗಲೂ ಎದೆ ಧಸಕ್ ಎನ್ನುತ್ತದೆ.

ಅಂಥ ಒಂದು ನವೆಂಬರ್ ಸಂಜೆ ಬದಿಯಡ್ಕ ಕಡೆಯಿಂದ ಒಬ್ಬರ ಶವ ಬಂತು. ಅಡಿಕೆ ತೋಟಕ್ಕೆ ಹೋದವರು ಮಳೆ ನಿಂತರೂ ಮನೆಗೆ ಬರಲಿಲ್ಲ. ಹುಡುಕಿಕೊಂಡು ಹೋದಾಗ ಬಿದ್ದಿದ್ದರಂತೆ. ಪಕ್ಕದಲ್ಲಿ ಅಲ್ಯೂಮಿನಿಯಂ ದೋಟಿ, ಅಡಿಕೆ ಕೊಯ್ಯುವ ಉದ್ದದ ಕೋಲು. ತೋಟದ ಮೇಲೆ ಕರೆಂಟ್ ಲೈನ್. ಪೊಲೀಸರು ಕೇಳಿದ್ದು ಒಂದೇ ಪ್ರಶ್ನೆ: "ದೋಟಿ ಲೈನಿಗೆ ತಾಗಿದ್ದೋ, ಸಿಡಿಲೋ?"

ಇದು ಸಣ್ಣ ಪ್ರಶ್ನೆ ಅಲ್ಲ. ಕೇರಳದಲ್ಲಿ ಸಿಡಿಲು ರಾಜ್ಯದ ವಿಪತ್ತುಗಳ ಪಟ್ಟಿಯಲ್ಲಿದೆ. ಸತ್ತವರ ಮನೆಯವರಿಗೆ 4 ಲಕ್ಷ ರೂಪಾಯಿ ಪರಿಹಾರ ಸಿಗುತ್ತದೆ. ಲೈನ್ ತಾಗಿದ್ದಾದರೆ ದಾರಿಯೇ ಬೇರೆ, ತಪ್ಪು ಯಾರದ್ದು ಎಂಬ ತನಿಖೆ ಬೇರೆ. ನಾನು ಬರೆಯುವ ಒಂದು ಸಾಲಿನ ಮೇಲೆ ಆ ಮನೆಯ ಮುಂದಿನ ವರ್ಷಗಳು ನಿಂತಿರುತ್ತವೆ.

ಶವದ ಮೇಲೆ ಹೊಸ ಬಿಳಿ ಬಟ್ಟೆ ಹೊದೆಸಿದ್ದರು. ಒಳಗೆ ಒಗೆದ ಲುಂಗಿ. ನನಗೆ ಹಳೆಯದೊಂದು ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೀಗೆಯೇ ಬಟ್ಟೆ ಬದಲಿಸಿದ ಶವ ಬಂದಿತ್ತು. ನಾನು ಕೇಳಲಿಲ್ಲ. ಮೈಮೇಲೆ ಹೇಳಿಕೊಳ್ಳುವ ಗಾಯ ಇರಲಿಲ್ಲ. ವರದಿಯಲ್ಲಿ ಖಚಿತವಾಗಿ ಏನೂ ಬರೆಯಲಾಗದೆ, ಆ ಮನೆಯವರು ತಿಂಗಳುಗಟ್ಟಲೆ ಆಫೀಸಿನಿಂದ ಆಫೀಸಿಗೆ ಅಲೆದರು. ಆ ತಪ್ಪು ನನ್ನದು. ಆಮೇಲೆ ನಾನು ಮೊದಲು ಕೇಳುವುದು ಬಟ್ಟೆಯನ್ನೇ.

"ಹಾಕಿಕೊಂಡಿದ್ದ ಅಂಗಿ ಎಲ್ಲಿದೆ?" ಎಂದು ಸತ್ತವರ ತಮ್ಮನನ್ನು ಕೇಳಿದೆ.

"ಅದು ಪೂರಾ ಹರಿದು ಹೋಗಿತ್ತು ಡಾಕ್ಟ್ರೇ. ಅಣ್ಣನನ್ನು ಹಾಗೆ ಹೇಗೆ ಕಳಿಸುವುದು? ತೋಟದ ಬದಿಗೆ ಎಸೆದೆವು."

"ದಯವಿಟ್ಟು ಹುಡುಕಿ ತನ್ನಿ. ಒಗೆಯಬೇಡಿ. ಕಾಲಿಗೆ ಹಾಕಿದ್ದನ್ನೂ ತನ್ನಿ."

ಅವರು ಹೋದ ಮೇಲೆ ಮೈ ನೋಡಿದೆ. ಎಡ ಹೆಗಲಿನಿಂದ ಬೆನ್ನಿಗೆ ಕೆಂಪು ಗೆರೆಗಳು, ಜರೀಗಿಡದ ಎಲೆ ಹರಡಿದ ಹಾಗೆ. ಇದಕ್ಕೆ ಲಿಕ್ಟೆನ್‌ಬರ್ಗ್ ಚಿತ್ರ ಎನ್ನುತ್ತಾರೆ. ವಿದ್ಯುತ್ತು ಹರಡಿದಾಗ ಹೀಗೆ ಕವಲೊಡೆಯುವುದನ್ನು 1777ರಲ್ಲಿ ಜರ್ಮನಿಯ ಲಿಕ್ಟೆನ್‌ಬರ್ಗ್ ರಾಳದ ಹಲಗೆಯ ಮೇಲೆ ಕಂಡಿದ್ದರು. ಇದು ಸುಟ್ಟ ಗಾಯ ಅಲ್ಲ. ಕೆಲವು ಗಂಟೆಗಳಲ್ಲಿ ಮಾಸುತ್ತದೆ, ಒಂದೆರಡು ದಿನದಲ್ಲಿ ಪೂರ್ತಿ ಹೋಗಿಬಿಡುತ್ತದೆ. ಅದಕ್ಕೇ ಬೆಳಗಾಗಲಿ ಎಂದು ಕಾಯಲಿಲ್ಲ. ಸ್ಕೇಲ್ ಇಟ್ಟು ಆಗಲೇ ಫೋಟೊ ತೆಗೆಸಿದೆ. ಮರುದಿನ ಮೇಜಿನ ಮೇಲೆ ನೋಡುವಾಗ ಗೆರೆಗಳು ಹುಡುಕಿದರೆ ಮಾತ್ರ ಕಾಣುವಷ್ಟು ಉಳಿದಿದ್ದವು.

ಕೈಗಳನ್ನು ತುಂಬಾ ಹೊತ್ತು ನೋಡಿದೆ. ದೋಟಿ ಹಿಡಿದ ಕೈಗೆ ಲೈನಿನ ಕರೆಂಟು ಹೊಡೆದರೆ, ತಾಗಿದ ಜಾಗದಲ್ಲಿ ಸಾಮಾನ್ಯವಾಗಿ ಗುಳಿಬಿದ್ದ ಗಟ್ಟಿ ಗುರುತು ಇರುತ್ತದೆ. ಸುತ್ತ ಬಿಳಿಚಿದ ಉಬ್ಬು ಅಂಚು. ದೊಡ್ಡ ಲೈನಾದರೆ ಕರಕಲು ಗಾಯವೇ ಆಗುತ್ತದೆ. ಇವರ ಅಂಗೈ ಎರಡೂ ಸ್ವಚ್ಛವಾಗಿದ್ದವು. ಬೆರಳ ಸಂದಿಯನ್ನೂ ಬಿಡಿಸಿ ನೋಡಿದೆ. ಏನೂ ಇಲ್ಲ.

ಸೊಂಟದಲ್ಲಿ ಬೆಳ್ಳಿಯ ಉಡಿದಾರ. ಒಂದು ಕಡೆ ಕರಗಿ ಮಣಿಯಂತೆ ಗಟ್ಟಿಯಾಗಿತ್ತು. ಅದರ ಅಡಿಯಲ್ಲಿ ಚರ್ಮ ಗೆರೆಯಾಗಿ ಸುಟ್ಟಿತ್ತು. ಎದೆಯ ರೋಮ ಮುರುಟಿತ್ತು. ಬೆವರು ಇಳಿಯುವ ಕಡೆ, ಕಂಕುಳಲ್ಲಿ, ಸಪೂರ ಸುಟ್ಟ ಪಟ್ಟಿ. ಒಂದು ಕಿವಿಯ ತಮಟೆ ಹರಿದಿತ್ತು. ಹಿಂದಲೆಯಲ್ಲಿ ಒಂದು ಏಟು. ಅದನ್ನು ನೋಡಿ ಊರಿನಲ್ಲಿ ಯಾರೋ ಹೊಡೆದಿದ್ದಾರೆ ಎಂಬ ಮಾತು ಹಬ್ಬಿತ್ತು. ತಲೆ ಬಿಚ್ಚಿದಾಗ ಒಳಗೆ ರಕ್ತಸ್ರಾವವಾಗಲಿ, ಬುರುಡೆ ಒಡೆದದ್ದಾಗಲಿ ಇರಲಿಲ್ಲ. ಬೀಳುವಾಗ ಮುರಕಲ್ಲಿಗೆ ತಾಗಿದ್ದಷ್ಟೇ.

ಸಿಡಿಲಿನ ಕರೆಂಟು ಸಾಮಾನ್ಯವಾಗಿ ಮೂವತ್ತು ಸಾವಿರ ಆಂಪಿಯರಿನಷ್ಟು. ಆದರೂ ಒಳಗಿನ ಸುಟ್ಟ ಗಾಯ ಯಾಕೆ ಕಡಿಮೆ ಎಂದು ಓದುವ ಹುಡುಗರು ಕೇಳುತ್ತಾರೆ. ಅದು ಸೆಕೆಂಡಿನ ಸಣ್ಣ ಪಾಲಿನಲ್ಲಿ ಮುಗಿದುಹೋಗುತ್ತದೆ. ಹೆಚ್ಚಿನದು ಒದ್ದೆ ಮೈಯ ಹೊರಗೇ ಜಾರಿ ನೆಲ ಸೇರುತ್ತದೆ. ಬೆವರು, ಮಳೆನೀರು ಒಮ್ಮೆಲೇ ಆವಿಯಾಗುತ್ತವೆ, ಬಟ್ಟೆ ಒಳಗಿನಿಂದ ಸಿಡಿಯುತ್ತದೆ. ಕೊಲ್ಲುವುದು ಹೆಚ್ಚಾಗಿ ಸುಟ್ಟಗಾಯ ಅಲ್ಲ, ಹೃದಯ ಮತ್ತು ಉಸಿರು ಒಟ್ಟಿಗೆ ನಿಲ್ಲುವುದು. ಹಾಗಾಗಿ ಮೈಯಲ್ಲಿ ಏನೇನೂ ಗುರುತಿಲ್ಲದ ಸಿಡಿಲಿನ ಸಾವನ್ನೂ ನಾನು ನೋಡಿದ್ದೇನೆ. ಆಗ ಸ್ಥಳ, ಬಟ್ಟೆ, ಆ ಹೊತ್ತಿನ ಹವೆ ಇವೇ ಸಾಕ್ಷಿ.

ಇನ್ನೊಂದು ಮಾತು ನನ್ನ ಮೇಜಿಗೆ ಬರುವ ಮೊದಲಿನದ್ದು. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದು ಇಲ್ಲಿ ತುಂಬಾ ಮಂದಿ ನಂಬಿದ್ದಾರೆ. ಇಲ್ಲ, ಮೈಯಲ್ಲಿ ಕರೆಂಟು ಉಳಿಯುವುದಿಲ್ಲ. ಹೃದಯ ಎಷ್ಟೋ ಸಲ ತಾನಾಗಿ ಮತ್ತೆ ಹೊಡೆದುಕೊಳ್ಳುತ್ತದೆ. ಉಸಿರು ಮಾತ್ರ ಬೇಗ ಮರಳುವುದಿಲ್ಲ. ಆ ಹೊತ್ತಿನಲ್ಲಿ ಎದೆ ಒತ್ತಿ ಉಸಿರು ಕೊಟ್ಟರೆ ಬದುಕಬಹುದು. ಹಲವರಿಗೆ ಒಟ್ಟಿಗೆ ಬಡಿದರೆ ಸತ್ತಂತೆ ಕಾಣುವವರ ಹತ್ತಿರ ಮೊದಲು ಹೋಗಬೇಕು. ನರಳುತ್ತಿರುವವರು ಉಸಿರಾಡುತ್ತಿದ್ದಾರೆ, ಅಲ್ವಾ?

ಬೆಳಿಗ್ಗೆ ಎಸ್‌ಐ ಜೊತೆ ತೋಟಕ್ಕೆ ಹೋದೆ. ಲೈನ್ ಇದ್ದದ್ದು ಶವ ಸಿಕ್ಕಿದ ಜಾಗದಿಂದ ಸಾಕಷ್ಟು ದೂರ. ದೋಟಿಯ ತುದಿಯಲ್ಲಿ ಕರಗಿದ ಗುರುತಿಲ್ಲ. ಅವರು ಬಿದ್ದಲ್ಲಿಂದ ಎರಡು ಮಾರು ಆಚೆ ಒಂದು ತೆಂಗಿನ ಮರ. ತಲೆಯಿಂದ ಬುಡದವರೆಗೆ ಹೊಸದಾಗಿ ಸೀಳಿತ್ತು, ಗರಿಗಳು ಕರಟಿದ್ದವು. ಮಳೆಗೆ ಅದರ ಬುಡಕ್ಕೆ ಸರಿದು ನಿಂತಿದ್ದಿರಬೇಕು. ಮರಕ್ಕೆ ಬಡಿದ ಸಿಡಿಲು ಪಕ್ಕಕ್ಕೆ ಹಾರಿದೆ.

ನಾವು ವಾಪಸ್ ಬರುವಾಗ ತಮ್ಮ ಶವಾಗಾರದ ಹೊರಗೆ ಕಾಯುತ್ತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ರಾತ್ರಿ ಟಾರ್ಚ್ ಹಿಡಿದು ಹುಡುಕಿದ್ದರಂತೆ. ಒಳಗೆ ಮಣ್ಣಾದ ನೀಲಿ ಅಂಗಿ, ಎಡ ಹೆಗಲಿನಿಂದ ಕೆಳಗಿನವರೆಗೆ ಸೀಳಿ, ಅಂಚು ಕಪ್ಪಾಗಿತ್ತು. ಒಂಟಿ ಚಪ್ಪಲಿ, ಅಟ್ಟೆ ಒಡೆದದ್ದು. "ಇದು ಸಾಕಾ ಡಾಕ್ಟ್ರೇ?" ಎಂದರು.

"ಸಾಕು" ಎಂದೆ. ಅಂಗಿಯನ್ನು ನೆರಳಲ್ಲಿ ಒಣಗಿಸಿ, ಕಾಗದದ ಕವರಿಗೆ ಹಾಕಿ ಸೀಲ್ ಮಾಡಿದೆ. ಆಮೇಲೆ ವರದಿ ಬರೆಯಲು ಕೂತೆ.